ಅಪರೂಪದ ಕಾಯಿಲೆ ಎಂಬ ನೆಪ

ನಮ್ಮ ಸಂಘದ ಆರೋಗ್ಯ ಶಿಬಿರದ ಕಾರ್ಯಕ್ರಮ ಪಟ್ಟಿಯಲ್ಲಿ ರಕ್ತದೊತ್ತಡ ಇದೆ, ಸಕ್ಕರೆ ಕಾಯಿಲೆ ಇದೆ, ಕಣ್ಣಿನ ಪೊರೆ ಇದೆ. ಮೊಣಕಾಲು ನೋವಂತೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಇದೆ. ಇವುಗಳ ಜೊತೆಗೆ ಎಚ್.ಐ.ವಿ. ಇದ್ದವರಿಗೆ ಬರುವ ಚರ್ಮದ ಕ್ಯಾನ್ಸರ್ ಕುರಿತು ಅರ್ಧ ಗಂಟೆಯ ಭಾಷಣವೊಂದನ್ನು ಸೇರಿಸಿರೆಂದು ನಾನು ಸಮಿತಿಗೆ ಬರೆದುಕೊಟ್ಟಿದ್ದೆ. ಸಭೆಯಲ್ಲಿ ಅದನ್ನು ಹೊಡೆದುಹಾಕಲು ಎರಡು ನಿಮಿಷವೂ ಹಿಡಿಯಲಿಲ್ಲ. ಒಬ್ಬ ಹಿರಿಯರು, “ಆ ರೋಗ ನಮ್ಮವರಲ್ಲಿ ಎಲ್ಲಿದೆ?” ಎಂದರು. ಇನ್ನೊಬ್ಬರು, “ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರುವುದು, ನಮಗೆ ಅಪರೂಪ. ಹೆಂಗಸರು ಮಕ್ಕಳು ಬರುವ ಶಿಬಿರದಲ್ಲಿ ಇದೆಲ್ಲ ಯಾಕೆ?” ಎಂದರು. ಚಹಾ ಬಂತು. ವಿಷಯ ಮುಗಿಯಿತು.

ನಾನು ವೈದ್ಯನಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಫೈಲು ತಿರುವುವ ಗುಮಾಸ್ತ. ಎಂದೋ ಓದಿದ ಬಿ.ಎಸ್‌ಸಿ.ಯಿಂದ ಉಳಿದಿರುವುದು ಕಾರಣ ಕೇಳುವ ಚಟ ಮಾತ್ರ. ಆ ಚಟದಿಂದಲೇ ಈ ಎರಡು ಮಾತುಗಳಿಗೂ ಉತ್ತರ ಬರೆಯುತ್ತಿದ್ದೇನೆ.

ಮೊದಲು ‘ಬಿಳಿಯರ ಕ್ಯಾನ್ಸರ್’ ಎಂಬ ಮಾತು. ಬಿಸಿಲಿನಿಂದ ಬಿಳಿಯರಿಗೆ ಬರುವ ಚರ್ಮದ ಕ್ಯಾನ್ಸರ್ ಬೇರೆ. ನಾನು ಹೇಳಹೊರಟದ್ದು ಕಪೋಸಿ ಸಾರ್ಕೋಮಾ. ೧೮೭೨ರಲ್ಲಿ ವಿಯೆನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ ಇದನ್ನು ವರ್ಣಿಸಿದ. ಚರ್ಮದ ಮೇಲೆ ಕಾಣಿಸಿಕೊಂಡರೂ ಇದು ಹುಟ್ಟುವುದು ರಕ್ತನಾಳ ಮತ್ತು ದುಗ್ಧನಾಳಗಳ ಒಳಪದರದ ಜೀವಕೋಶಗಳಿಂದ. ನೂರು ವರ್ಷಕ್ಕೂ ಹೆಚ್ಚು ಕಾಲ ಪಾಶ್ಚಾತ್ಯ ವೈದ್ಯರ ಮಟ್ಟಿಗೆ ಇದು ವಯಸ್ಸಾದವರ ಕಾಲಿನ ಮೇಲೆ ನಿಧಾನವಾಗಿ ಬೆಳೆಯುವ, ಪುಸ್ತಕದ ಮೂಲೆಯ ಕಾಯಿಲೆ. ೧೯೮೧ರ ಜುಲೈ ೩ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರದ ವರದಿಯಲ್ಲಿ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ ೨೬ ಮಂದಿಗೆ ಇದು ಬಂದಿರುವ ಸುದ್ದಿ ಪ್ರಕಟವಾಯಿತು. ಅವರು ಮುದುಕರಲ್ಲ. ಅವರಲ್ಲಿ ಕೆಲವರಿಗೆ ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕೂ ಇತ್ತು. ಏಡ್ಸ್ ಎಂಬ ಹೆಸರು ಹುಟ್ಟುವ ಮೊದಲೇ ಈ ಕ್ಯಾನ್ಸರೂ ಇತರ ಸೋಂಕುಗಳೂ ಒಂದೇ ದೇಹದಲ್ಲಿ ಕೈಕೈ ಹಿಡಿದು ಬಂದಿದ್ದವು. ಇದಕ್ಕೆ ಕಾರಣವಾದ ವೈರಸ್ಸನ್ನು ೧೯೯೪ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿಗಳು ಕಂಡುಹಿಡಿದರು. ಅದು ಹರ್ಪಿಸ್ ಕುಲದ ಎಂಟನೆಯದು, ಹೆಚ್ಚಾಗಿ ಎಂಜಲಿನ ಮೂಲಕ ಹರಡುವಂಥದು. ಆಫ್ರಿಕಾದ ಉಗಾಂಡಾ, ಮಲಾವಿಯಂಥ ದೇಶಗಳಲ್ಲಿ ಗಂಡಸರಿಗೆ ಬರುವ ಪ್ರಮುಖ ಕ್ಯಾನ್ಸರುಗಳಲ್ಲಿ ಇದೂ ಒಂದು. ಬಿಳಿಯರ ರೋಗವಂತೆ!

ಭಾರತದಲ್ಲಿ ಇದು ಅಪರೂಪ ಎಂಬುದು ಮಾತ್ರ ನಿಜ. ಆ ಹರ್ಪಿಸ್ ವೈರಸ್ಸು ನಮ್ಮ ಜನರಲ್ಲಿ ಕಡಿಮೆ. ಆದರೆ ನನ್ನ ಜಗಳ ಇರುವುದೇ ಈ ‘ಅಪರೂಪ’ದ ಜೊತೆ. ಅಪರೂಪ ಎಂದರೆ ಇಲ್ಲ ಎಂದಲ್ಲ. ಅಪರೂಪದ ರೋಗ ಬಂದವನಿಗೆ ಅದು ನೂರಕ್ಕೆ ನೂರು. ಅಪರೂಪ ಎಂಬ ಕಾರಣಕ್ಕೇ ಅದನ್ನು ಯಾರೂ ಹುಡುಕುವುದಿಲ್ಲ, ಹುಡುಕದ್ದು ಸಿಗುವುದಿಲ್ಲ, ಸಿಗದ್ದು ಇನ್ನಷ್ಟು ಅಪರೂಪವಾಗುತ್ತದೆ. ನಮ್ಮ ಕಚೇರಿಯಲ್ಲಿ ದೂರು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ದೂರುಗಳೇ ಇಲ್ಲವೆಂದು ಮೇಲಕ್ಕೆ ವರದಿ ಕಳಿಸಿದವರನ್ನು ನಾನು ಬಲ್ಲೆ.

ಇನ್ನು ‘ನಮ್ಮವರಲ್ಲಿ ಇಲ್ಲ’ ಎಂಬ ಮಾತು. ೨೦೧೪ರಲ್ಲಿ ನನ್ನ ಕೋಣೆಯಲ್ಲೇ ಇದ್ದವನೊಬ್ಬನ ಕಥೆ ಹೇಳಬೇಕು. ಹೋಟೆಲಿನಲ್ಲಿ ದುಡಿಯುತ್ತ ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವನು. ನಮ್ಮ ಸಂಘದ ಯಕ್ಷಗಾನಕ್ಕೆ ಕುರ್ಚಿ ಜೋಡಿಸುತ್ತಿದ್ದವನು. ಊರು, ಹೆಸರು ಬರೆಯುವುದಿಲ್ಲ. ಅವನ ಮಗಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾಳೆ. (ಹೆಸರು ಬರೆಯಲಾಗದ ಈ ಭಯವೇ ನನ್ನ ಮಾತಿಗೆ ಸಾಕ್ಷಿ ಎನ್ನುವವರಿಗೆ ನಾನು ಎದುರು ಹೇಳಲಾರೆ.)

ಕೆಮ್ಮು, ಜ್ವರ ಬಂತು. ಆಸ್ಪತ್ರೆಯೊಂದರಲ್ಲಿ ಕ್ಷಯ ಎಂದರು. ರಕ್ತ ನೋಡಿ ಎಚ್.ಐ.ವಿ. ಎಂದೂ ಹೇಳಿದರು. ಕ್ಷಯಕ್ಕೆ ಔಷಧ ಶುರುವಾಯಿತು, ಎರಡು ವಾರದ ಮೇಲೆ ಎಚ್.ಐ.ವಿ. ಗುಳಿಗೆಗಳೂ ಶುರುವಾದವು. ಅಲ್ಲಿಯವರೆಗೆ ಸರಿಯೇ. ಆದರೆ ಅವನ ಕಾಲಿನ ಮೇಲೆ, ಮೂಗಿನ ತುದಿಯಲ್ಲಿ ನೇರಳೆ ಹಣ್ಣು ಒರೆಸಿದಂಥ ಕಪ್ಪು ಕಲೆಗಳು ಮೊದಲಿನಿಂದಲೂ ಇದ್ದವು. ತುರಿಕೆ ಇಲ್ಲ, ನೋವಿಲ್ಲ. ಹಾಗಾಗಿ ಅವನೂ ಹೇಳಲಿಲ್ಲ, ಯಾರೂ ಪ್ಯಾಂಟು ಎತ್ತಿ ನೋಡಲೂ ಇಲ್ಲ. ಗುಳಿಗೆ ಶುರುವಾದ ಮೂರನೆಯ ವಾರಕ್ಕೆ ಕಲೆಗಳು ಉಬ್ಬಿದವು, ಹರಡಿದವು, ಕಾಲು ಬಾತುಕೊಂಡಿತು. ಬೀದಿಯ ಡಾಕ್ಟರೊಬ್ಬರು ಔಷಧದ ಅಲರ್ಜಿ ಎಂದು ಸ್ಟೀರಾಯ್ಡ್ ಗುಳಿಗೆ ಬರೆದುಕೊಟ್ಟರು. ಅದು ಇನ್ನೂ ಕೆಟ್ಟಿತು. ಊರಿನಿಂದ ಬಂದ ಅಣ್ಣ, “ಈ ಗುಳಿಗೆಗಳೇ ಅವನನ್ನು ತಿನ್ನುತ್ತಿವೆ” ಎಂದು ಎಲ್ಲವನ್ನೂ ನಿಲ್ಲಿಸಿ ಬಸ್ಸು ಹತ್ತಿಸಿದ. ಅದಕ್ಕೆ ನಾಲ್ಕು ದಿನ ಮೊದಲು ಬೇರೊಂದು ಆಸ್ಪತ್ರೆಯ ಎಳೆಯ ವೈದ್ಯೆಯೊಬ್ಬಳು ಕಾಲಿನ ಗಂಟಿನಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಳು. ವರದಿ ತರಲು ಹೋದವನು ನಾನು. ‘ಕಪೋಸಿ ಸಾರ್ಕೋಮಾ’ ಎಂದು ಬರೆದಿತ್ತು. ಊರಿಗೆ ಫೋನು ಮಾಡಿದೆ. ಅಣ್ಣ ಕೇಳಿಸಿಕೊಂಡು ಫೋನು ಇಟ್ಟ. ಆರು ವಾರದ ಮೇಲೆ ಕಾರ್ಯಕ್ಕೆ ಕರೆ ಬಂತು.

ಗುಳಿಗೆಯಿಂದ ಕಲೆ ಹೆಚ್ಚಾದದ್ದು ಸುಳ್ಳಲ್ಲ. ಅದಕ್ಕೊಂದು ಕಾರಣವಿದೆ. ಮಲಗಿದ್ದ ರೋಗನಿರೋಧಕ ಶಕ್ತಿ ಔಷಧದಿಂದ ಎಚ್ಚರಗೊಂಡಾಗ, ಒಳಗೆ ಅಡಗಿದ್ದ ರೋಗಗಳ ಮೇಲೆ ಒಮ್ಮೆಲೇ ಬೀಳುತ್ತದೆ. ಮೊದಲ ಕೆಲವು ವಾರಗಳಲ್ಲಿ ಕಪೋಸಿ ಗಂಟುಗಳು ಉರಿದೇಳುವುದೂ ಕ್ಷಯ ಉಲ್ಬಣಿಸಿದಂತೆ ಕಾಣುವುದೂ ವೈದ್ಯಲೋಕಕ್ಕೆ ಗೊತ್ತಿರುವ ಸಂಗತಿ. ಆಗ ಮಾಡಬೇಕಾದ್ದು ಎಚ್.ಐ.ವಿ. ಔಷಧ ನಿಲ್ಲಿಸುವುದಲ್ಲ, ಅದನ್ನು ಮುಂದುವರಿಸಿ, ಬೇಕಾದರೆ ಕ್ಯಾನ್ಸರಿಗೆ ಕೀಮೋ ಸೇರಿಸುವುದು. ಸ್ಟೀರಾಯ್ಡ್ ಕಪೋಸಿಯನ್ನು ಕೆರಳಿಸುತ್ತದೆ ಎಂಬುದೂ ಗೊತ್ತಿರುವುದೇ. ಇದನ್ನು ಅವನಿಗೆ, ಅವನ ಅಣ್ಣನಿಗೆ ಐದು ನಿಮಿಷ ಕೂರಿಸಿ ಹೇಳುವವರು ಇರಲಿಲ್ಲ. ಕನ್ನಡದಲ್ಲಂತೂ ಇರಲಿಲ್ಲ.

ಇಂಥ ರೋಗಿಯ ಚಿಕಿತ್ಸೆ ಸುಲಭವೆಂದು ನಾನು ಹೇಳುತ್ತಿಲ್ಲ. ಕಪೋಸಿಗೆ ಎಚ್.ಐ.ವಿ. ಔಷಧ ತಡಮಾಡದೆ ಬೇಕು. ಅದೇ ರೋಗಿಗೆ ಕ್ರಿಪ್ಟೋಕಾಕಸ್ ಶಿಲೀಂಧ್ರದಿಂದ ಮಿದುಳು ಪೊರೆಯ ಉರಿಯೂತ ಇದ್ದರೆ, ಔಷಧವನ್ನು ನಾಲ್ಕರಿಂದ ಆರು ವಾರ ತಡೆಹಿಡಿಯಬೇಕು. ಇಲ್ಲವಾದರೆ ಜೀವಕ್ಕೇ ಅಪಾಯ. ಕ್ಷಯದ ಮಿದುಳು ಉರಿಯೂತಕ್ಕೆ ಸ್ಟೀರಾಯ್ಡ್ ಬೇಕು, ಕಪೋಸಿಗೆ ಅದೇ ವಿಷ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಎಚ್.ಐ.ವಿ.ಯ ಡೊಲುಟೆಗ್ರಾವಿರನ್ನು ರಕ್ತದಲ್ಲಿ ಬೇಗ ಕರಗಿಸಿಬಿಡುತ್ತದೆ. ಅದಕ್ಕಾಗಿ ಆ ಗುಳಿಗೆಯನ್ನು ದಿನಕ್ಕೆ ಎರಡು ಬಾರಿ ಕೊಡಬೇಕು. ಶ್ವಾಸಕೋಶಕ್ಕೆ ಇಳಿದ ಕಪೋಸಿಯೂ ಕೆಮ್ಮು, ಕಫದಲ್ಲಿ ರಕ್ತ ತರುತ್ತದೆ, ಎಕ್ಸ್‌ರೇಯಲ್ಲಿ ಕ್ಷಯದ ವೇಷ ಹಾಕುತ್ತದೆ. ಉಲ್ಟಾ ಆಗುವುದೂ ಉಂಟು: ನೇರಳೆ ಗಂಟುಗಳೆಲ್ಲ ಕಪೋಸಿಯಲ್ಲ, ಬಾರ್ಟೊನೆಲ್ಲ ಎಂಬ ಬ್ಯಾಕ್ಟೀರಿಯಾ ಎಬ್ಬಿಸುವ ಗಂಟುಗಳು ನೋಡಲು ಹಾಗೆಯೇ ಇದ್ದು ಸಾಮಾನ್ಯ ಆ್ಯಂಟಿಬಯಾಟಿಕ್‌ನಿಂದ ಗುಣವಾಗುತ್ತವೆ. ಕಣ್ಣಳತೆಯಲ್ಲಿ ತೀರ್ಪು ಕೊಡುವ ಹಾಗಿಲ್ಲ, ಚೂರು ಕತ್ತರಿಸಿ ನೋಡಬೇಕು.

ಆದ್ದರಿಂದಲೇ ನನ್ನ ಸಿಟ್ಟು, ಒಂದು ರೋಗ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುವವರ ಮೇಲೆ. ಒಂದು ಫೈಲಿನಲ್ಲಿ ಮೂರು ಅರ್ಜಿಗಳಿದ್ದು ಒಂದಕ್ಕೆ ಉತ್ತರ ಬರೆದು ಫೈಲು ಮುಚ್ಚಿದ ಗುಮಾಸ್ತನಿಗೆ ಮೆಮೊ ಬರುತ್ತದೆ. ರೋಗನಿರೋಧಕ ಶಕ್ತಿ ಕುಸಿದ ದೇಹ ಅಂಥ ಫೈಲು. ಕ್ಷಯ ಸಿಕ್ಕಿತೆಂದರೆ ಉಳಿದವು ಇಲ್ಲವೆಂದಲ್ಲ, ಉಳಿದವೂ ಇರಬಹುದು ಎಂದು.

ವೈದ್ಯರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಭಾರತದಲ್ಲಿ ಎಚ್.ಐ.ವಿ. ಪತ್ತೆಯಾದದ್ದು ೧೯೮೬ರಲ್ಲಿ, ಮದ್ರಾಸಿನಲ್ಲಿ. ೨೦೦೧ರಲ್ಲಿ ಇದೇ ಮುಂಬಯಿಯ ಸಿಪ್ಲಾ ಕಂಪನಿ ವರ್ಷಕ್ಕೆ ೩೫೦ ಡಾಲರಿಗೆ ಮೂರು ಔಷಧಗಳ ಚಿಕಿತ್ಸೆ ಕೊಡುತ್ತೇನೆಂದು ಜಗತ್ತಿನ ಕಣ್ಣು ತೆರೆಸಿತು. ೨೦೦೪ರ ಏಪ್ರಿಲ್‌ನಿಂದ ಸರಕಾರವೇ ಉಚಿತ ಔಷಧ ಕೊಡುತ್ತಿದೆ. ಆರಂಭಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಇದ್ದವು. ರೋಗಿಗೆ ಚಿಕಿತ್ಸೆ, ಉದ್ಯೋಗ ನಿರಾಕರಿಸಬಾರದೆಂಬ ೨೦೧೭ರ ಕಾನೂನು ೨೦೧೮ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ದೇಶದಲ್ಲಿ ಸುಮಾರು ೨೫ ಲಕ್ಷ ಜನ ಈ ಸೋಂಕಿನೊಂದಿಗೆ ಬದುಕುತ್ತಿದ್ದಾರೆ. ಆ ೨೫ ಲಕ್ಷದಲ್ಲಿ ಕನ್ನಡ ಮಾತಾಡುವವನು ಒಬ್ಬನೂ ಇಲ್ಲವೇ? ಔಷಧವಿದೆ, ಕಾನೂನಿದೆ, ಕಾಲಿನ ಕಲೆ ತೋರಿಸುವ ಧೈರ್ಯವನ್ನು ಮಾತ್ರ ಯಾವ ಇಲಾಖೆಯೂ ಸರಬರಾಜು ಮಾಡುವುದಿಲ್ಲ. ೧೯೯೩ರ ‘ಫಿಲಡೆಲ್ಫಿಯಾ’ ಎಂಬ ಇಂಗ್ಲಿಷ್ ಚಿತ್ರದಲ್ಲಿ ವಕೀಲನ ಹಣೆಯ ಮೇಲೆ ಇದೇ ಕಪೋಸಿ ಕಲೆ. ಅದು ಕಣ್ಣಿಗೆ ಬಿದ್ದ ಮೇಲೆ ಅವನ ಕೆಲಸ ಹೋಗುತ್ತದೆ. ಟಿ.ವಿ.ಯಲ್ಲಿ ಅದನ್ನು ನೋಡಿ ಅಮೆರಿಕದವರ ಕ್ರೌರ್ಯಕ್ಕೆ ಮರುಗಿದವರೇ ನನ್ನ ಗೆಳೆಯ ಕುಡಿದ ಲೋಟವನ್ನು ಬೇರೆ ಇಟ್ಟದ್ದನ್ನು ನಾನು ಕಂಡಿದ್ದೇನೆ.

ಹೆಂಗಸರು ಮಕ್ಕಳು ಬರುವ ಶಿಬಿರ ಎಂದಿರಲ್ಲ? ಗಂಡನ ಮೈಮೇಲಿನ ಕಲೆಯನ್ನು ಮೊದಲು ಕಾಣುವವಳು ಹೆಂಡತಿ. ಊರಿಂದ ಬಂದ ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವವಳು ಅಕ್ಕ. ನೋವಿಲ್ಲದ, ತುರಿಸದ, ಒತ್ತಿದರೆ ಬಣ್ಣ ಮಾಸದ ಕಲೆ. ಬಾಯಿಯ ಮೇಲಂಗಳದಲ್ಲೂ ಇರಬಹುದು. ಕಂಡರೆ ತೋರಿಸಿ, ಔಷಧದಂಗಡಿಯ ಮುಲಾಮು ಹಚ್ಚಬೇಡಿ, ಶುರುವಾದ ಗುಳಿಗೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಇಷ್ಟು ಹೇಳಲು ನಾನು ಕೇಳಿದ್ದು ಅರ್ಧ ಗಂಟೆ. ಮೊಣಕಾಲಿನ ಎರಡನೆಯ ಭಾಷಣವನ್ನು ಬಿಟ್ಟರೆ ಆ ಸಮಯ ಸಿಗುತ್ತದೆ.

ಮುಂದಿನ ಸಮಿತಿ ಸಭೆಗೆ ಅದೇ ಠರಾವನ್ನು ಮತ್ತೆ ಬರೆದುಕೊಡುತ್ತೇನೆ. ನಿಯಮದ ಪ್ರಕಾರ ಅನುಮೋದಿಸಲು ಒಬ್ಬ ಸದಸ್ಯರು ಬೇಕು. ಮುಂದೆ ಬರುವವರು ಸಂಘದ ಕಚೇರಿಯಲ್ಲಿ ಹೆಸರು ಕೊಟ್ಟರೆ ಸಾಕು.