ಮೊದಲ ಕಾಡಿಗೆ: ಕಣ್ಣಿನ ಒಳಗೋ, ಹೊರಗೋ?

ನಮ್ಮ ಮನೆಗಳಲ್ಲಿ ಕಾಡಿಗೆಯನ್ನು ಮೊದಲ ಸಲ ಕಾಣುವವರು ಇಬ್ಬರು. ಒಬ್ಬರು, ತೊಟ್ಟಿಲಲ್ಲಿರುವ ಹಸುಗೂಸು. ಇನ್ನೊಬ್ಬರು, ಕಾಲೇಜಿನ ಮೆಟ್ಟಿಲು ಹತ್ತಿದ ಹರೆಯದ ಮಗಳು. ಕೂಸು ಬೇಡವೆನ್ನಲಾರದು, ಅದರ ಕಣ್ಣಿನೊಳಗೆ ಬೆರಳಿನಿಂದ ಕಾಡಿಗೆ ತೀಡುತ್ತೇವೆ. ಮಗಳು ತಾನಾಗಿಯೇ ಬೇಕೆಂದು ಕೇಳುತ್ತಾಳೆ. ‘ಇದೆಲ್ಲ ಯಾತಕ್ಕೆ’ ಎಂದು ಅವಳನ್ನು ಗದರಿಸುತ್ತೇವೆ. ಈ ಎರಡೂ ನಡವಳಿಕೆಗಳು ತಲೆಕೆಳಗಾಗಿವೆ ಎಂಬುದು ನನ್ನ ಅಭಿಪ್ರಾಯ. ಕೂಸಿಗೆ ಕಾಡಿಗೆ ಬೇಡವೇ ಬೇಡ. ಮಗಳಿಗೆ ಇಷ್ಟವಿದ್ದರೆ, ತಕ್ಕುದನ್ನು ಆರಿಸಿ ತಕ್ಕ ಜಾಗದಲ್ಲಿ ಹಚ್ಚಿಕೊಳ್ಳುವುದನ್ನು ಮನೆಯವರೇ ಕಲಿಸಬೇಕು.

ಇದನ್ನು ಹೇಳಿದೊಡನೆ ಬರುವ ಆಕ್ಷೇಪಣೆ ಒಂದೇ: ‘ಕಣ್ಣಿಗೆ ಅಂಜನ ಹಚ್ಚಬೇಕೆಂದು ಆಯುರ್ವೇದವೇ ಹೇಳಿದೆಯಲ್ಲ, ಆಯುರ್ವೇದದ ವೈದ್ಯರಾದ ನೀವೇ ಬೇಡವೆಂದರೆ ಹೇಗೆ?’ ಈ ಪ್ರಶ್ನೆಗೆ ಉತ್ತರಿಸುವುದು ನನ್ನ ಕರ್ತವ್ಯ. ಏಕೆಂದರೆ ‘ಆಯುರ್ವೇದಿಕ್’ ಎಂಬ ಒಂದು ಮಾತಿನ ಬಲದಿಂದಲೇ ಇಂದು ಹಲವು ಬಗೆಯ ಕಾಡಿಗೆಗಳು ಮಾರಾಟವಾಗುತ್ತಿವೆ.

ಶಾಸ್ತ್ರ ಹೇಳಿದ ಅಂಜನ

ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ಸೌವೀರಾಂಜನವನ್ನು ನಿತ್ಯವೂ, ರಸಾಂಜನವನ್ನು ಏಳು ದಿನಗಳಿಗೊಮ್ಮೆಯೂ ಬಳಸಲು ಹೇಳಿರುವುದು ನಿಜ. ಆದರೆ ಅದರ ಉದ್ದೇಶ ಅಲಂಕಾರವಲ್ಲ. ತೇಜೋಮಯವಾದ ಕಣ್ಣಿಗೆ ಕಫದಿಂದ ವಿಶೇಷ ಭಯವಿದೆ, ಅದನ್ನು ಸ್ರವಿಸಿ ಹೊರಹಾಕಬೇಕು ಎಂಬುದು ಅಲ್ಲಿಯ ಕಾರಣ. ಸುಶ್ರುತನು ಅಂಜನವನ್ನು ಲೇಖನ, ರೋಪಣ, ಪ್ರಸಾದನ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಕೆರೆದು ತೆಗೆಯುವುದು, ಹುಣ್ಣನ್ನು ಮಾಯಿಸುವುದು, ತಿಳಿಗೊಳಿಸುವುದು. ಎಂಟು ಅಂಗುಲ ಉದ್ದದ, ನಡುವೆ ತೆಳ್ಳಗಿರುವ, ತುದಿಗಳು ಮೊಗ್ಗಿನಂತಿರುವ ಶಲಾಕೆಯನ್ನು ಅದಕ್ಕಾಗಿ ವಿಧಿಸಿದ್ದಾನೆ. ಎಡಗೈಯಿಂದ ಕಣ್ಣನ್ನು ಬಿಡಿಸಿ ಬಲಗೈಯಿಂದ ಹೇಗೆ ಹಚ್ಚಬೇಕೆಂಬ ವಿವರವೂ ಅಲ್ಲಿದೆ.

ಅದಕ್ಕಿಂತ ಮುಖ್ಯವಾದುದು, ಯಾರಿಗೆ ಅಂಜನ ಕೂಡದು ಎಂಬ ಪಟ್ಟಿ. ಬಳಲಿದವರಿಗೆ, ಅತ್ತವರಿಗೆ, ಜ್ವರವಿದ್ದವರಿಗೆ, ಮದ್ಯ ಸೇವಿಸಿದವರಿಗೆ, ತಲೆಯ ರೋಗವಿದ್ದವರಿಗೆ ಅಂಜನ ನಿಷಿದ್ಧ. ರಾತ್ರಿ ನಿದ್ದೆಗೆಟ್ಟವರಿಗೆ, ತಲೆಗೆ ಸ್ನಾನ ಮಾಡಿದವರಿಗೆ, ಆಗ ತಾನೇ ಉಂಡವರಿಗೆ ಕೂಡ ಅದು ಬೇಡ. ತೀಕ್ಷ್ಣವಾದ ಅಂಜನವನ್ನು ಹಗಲಿನಲ್ಲಿ ಹಚ್ಚಬಾರದೆಂದು ಚರಕಸಂಹಿತೆ ಎಚ್ಚರಿಸುತ್ತದೆ. ಇಷ್ಟು ನಿಯಮಗಳಿರುವ ವಸ್ತುವನ್ನು ಏನೆಂದು ಕರೆಯಬೇಕು? ಔಷಧವೆಂದು. ಔಷಧವನ್ನು ವೈದ್ಯರು ರೋಗಿಯನ್ನು ನೋಡಿ ಕೊಡುತ್ತಾರೆ. ಕನ್ನಡಿಯ ಮುಂದೆ ನಿಂತು ಅಂದಕ್ಕಾಗಿ ಯಾರೂ ಔಷಧ ಹಚ್ಚಿಕೊಳ್ಳುವುದಿಲ್ಲ. ಅಂಜನ ಬೇರೆ, ಅಲಂಕಾರದ ಗೆರೆ ಬೇರೆ. ಮೊದಲನೆಯದು ಕಣ್ಣಿನ ಒಳಗೆ, ವೈದ್ಯರ ಮಾತಿನಂತೆ. ಎರಡನೆಯದು ಕಣ್ಣಿನ ಹೊರಗೆ, ನಮ್ಮ ಇಷ್ಟದಂತೆ. ಈ ಎರಡನ್ನು ಬೆರೆಸಿದ್ದರಿಂದಲೇ ಅನರ್ಥಗಳು ಹುಟ್ಟಿವೆ.

ಸೀಸ ಮತ್ತು ಮಸಿ

ಸೌವೀರಾಂಜನವೆಂದರೆ ಆಂಟಿಮನಿಯ ಖನಿಜ ಎಂಬುದು ಬಲ್ಲವರ ಸಾಮಾನ್ಯ ಅಭಿಮತ. ಅದನ್ನು ಗರುಗದ ಸೊಪ್ಪಿನ, ಅಂದರೆ ಭೃಂಗರಾಜದ, ರಸದಲ್ಲಿ ಅರೆದು ಶೋಧಿಸಿಯೇ ಬಳಸಬೇಕೆಂದು ರಸಶಾಸ್ತ್ರದ ವಿಧಿ. ಆದರೆ ಜಾತ್ರೆ, ಸಂತೆಗಳಲ್ಲಿ ಸಣ್ಣ ಸೀಸೆಯಲ್ಲಿ ಮಾರುವ ಹೊಳೆಯುವ ಕಪ್ಪು ಸುರ್ಮಾ ಅನೇಕ ವೇಳೆ ಸೀಸದ ಖನಿಜವಾದ ಗೆಲೀನಾದ ಪುಡಿಯಾಗಿರುತ್ತದೆ. ಸುರ್ಮಾ ಹಚ್ಚಿದ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಏರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ವರದಿಯಾಗಿವೆ. ಮಗು ಕಣ್ಣುಜ್ಜಿದ ಬೆರಳನ್ನೇ ಬಾಯಿಗಿಡುತ್ತದೆ. ಸೀಸವು ರಕ್ತಹೀನತೆಯನ್ನು ತರುತ್ತದೆ, ಬೆಳೆಯುವ ಮೆದುಳನ್ನು ಕುಗ್ಗಿಸುತ್ತದೆ. ಮಕ್ಕಳಿಗೆ ಇಷ್ಟು ಸೀಸ ನಿರಪಾಯಕರ ಎನ್ನುವ ಮಿತಿ ಇಲ್ಲವೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

‘ನಾವು ಅಂಗಡಿಯದನ್ನು ತರುವುದಿಲ್ಲ, ಔಡಲೆಣ್ಣೆಯ ದೀಪ ಹಚ್ಚಿ ಮೇಲೆ ತಾಮ್ರದ ತಟ್ಟೆ ಕವುಚಿ ಮನೆಯಲ್ಲೇ ತಯಾರಿಸುತ್ತೇವೆ’ ಎನ್ನುವ ತಾಯಂದಿರಿದ್ದಾರೆ. ಅದರಲ್ಲಿ ಸೀಸದ ಭಯ ಕಡಿಮೆ, ಒಪ್ಪುತ್ತೇನೆ. ಆದರೂ ಅದು ಮಸಿ. ಕೂಸಿನ ಕಣ್ಣೀರಿನ ನಾಳ ಬಹಳ ಕಿರಿದು. ತುಪ್ಪದಲ್ಲಿ ಕಲಸಿದ ಮಸಿ ಅದಕ್ಕೆ ಭಾರ. ತೀಡುವ ಬೆರಳಿನ ಉಗುರಿನಲ್ಲಿರುವ ರೋಗಾಣುಗಳು ನೇರವಾಗಿ ಕಣ್ಣಿಗೆ ಇಳಿಯುತ್ತವೆ. ಕಾಡಿಗೆ ತೀಡಿದರೆ ಕಣ್ಣು ಅಗಲವಾಗುತ್ತದೆ, ದೃಷ್ಟಿ ಚುರುಕಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ದೃಷ್ಟಿ ತಾಗೀತೆಂಬ ಅಂಜಿಕೆಯಿದ್ದರೆ, ಶಕುನ ಅಪಶಕುನಗಳ ಭಯ ಬಿಡಿಸಿದ ಶರಣರ ಪರಂಪರೆಯವರು ನಾವೆಂಬುದನ್ನು ನೆನೆಯೋಣ. ಅಜ್ಜಿಯ ಮನಸ್ಸು ನೋಯಬಾರದೆಂದಿದ್ದರೆ ಅಂಗಾಲಿಗೊಂದು ಬೊಟ್ಟು ಇಡಲಿ, ಕಣ್ಣನ್ನು ಮುಟ್ಟದಿರಲಿ.

ಆರಿಸುವ ಬಗೆ

ಇನ್ನು ಹರೆಯದ ಮಗಳ ಮಾತು. ಮಾರುಕಟ್ಟೆಯಲ್ಲಿ ಗೆರೆ ಎಳೆಯುವ ಸಾಧನಗಳು ಮುಖ್ಯವಾಗಿ ಮೂರು: ಪೆನ್ಸಿಲ್ ರೂಪದ್ದು, ಡಬ್ಬಿಯಲ್ಲಿದ್ದು ಕುಂಚದಿಂದ ಹಚ್ಚುವ ಜೆಲ್, ಸೀಸೆ ಅಥವಾ ಪೆನ್ನಿನ ರೂಪದ ದ್ರವ. ಹೊಸಬರಿಗೆ ಪೆನ್ಸಿಲ್ ಒಳ್ಳೆಯದು. ಕೈ ನಡುಗಿದರೂ ಗೆರೆಯನ್ನು ತಿದ್ದಬಹುದು. ಕೆತ್ತಿದಾಗಲೆಲ್ಲ ಹಳೆಯ ತುದಿ ಹೋಗಿ ಹೊಸತು ಬರುತ್ತದೆ. ಮುಂಗೈ ಮೇಲೆ ಒಮ್ಮೆ ಎಳೆದು ನೋಡಬೇಕು; ಒತ್ತದೆಯೇ ಗೆರೆ ಮೂಡಿದರೆ ಅದು ಮೃದುವಾದುದು. ಒತ್ತಿ ಎಳೆಯಬೇಕಾದುದು ಕಣ್ಣಿನ ಬಳಿ ಸಲ್ಲದು. ನೀರಿಗೆ ಹೋಗದಂಥ ‘ವಾಟರ್‌ಪ್ರೂಫ್’ ಬಗೆಯನ್ನು ಆರಂಭದಲ್ಲಿ ಕೊಳ್ಳಬಾರದು. ಅದನ್ನು ತೆಗೆಯಲು ಉಜ್ಜಬೇಕಾಗುತ್ತದೆ. ಕಡುಕಪ್ಪಿಗಿಂತ ಕಂದು ಬಣ್ಣದಲ್ಲಿ ಗೆರೆಯ ಓರೆಕೋರೆ ಕಡಿಮೆ ಎದ್ದು ಕಾಣುತ್ತದೆ.

ಹೆಸರಿಗಿಂತ ಚೀಟಿಯನ್ನು ಓದುವುದು ಮುಖ್ಯ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿಯ ಸಂಖ್ಯೆ, ಬಳಕೆಯ ಅವಧಿ, ಘಟಕಗಳ ಪಟ್ಟಿ ಇಷ್ಟೂ ಇರಬೇಕು. ಬಣ್ಣಕ್ಕಾಗಿ ಸೀಸ, ಆರ್ಸೆನಿಕ್‌ಗಳ ಸಂಯುಕ್ತಗಳನ್ನು ಬಳಸುವುದನ್ನು ನಮ್ಮ ದೇಶದ ಸೌಂದರ್ಯವರ್ಧಕಗಳ ಕಾನೂನು ನಿಷೇಧಿಸಿದೆ. ಆ ಕಾನೂನಿನ ಕೈ ಪರವಾನಗಿ ಇರುವವರನ್ನು ಮುಟ್ಟುತ್ತದೆ. ಚೀಟಿಯಿಲ್ಲದ ಸೀಸೆಯನ್ನು ಮುಟ್ಟುವುದಿಲ್ಲ. ‘ಗಿಡಮೂಲಿಕೆಯದು’ ಎಂಬ ಮಾತು ಪರವಾನಗಿಗೆ ಬದಲಿಯಲ್ಲ. ಕೊಂಡುತಂದ ಮೇಲೆ ಮೊಣಕೈಯ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಬೇಕು. ತುರಿಕೆ, ಕೆಂಪು ಕಾಣದಿದ್ದರೆ ಕಣ್ಣಿನ ಬಳಿಗೆ ಒಯ್ಯಬಹುದು.

ಹಚ್ಚುವ ಬಗೆ

ರೆಪ್ಪೆಗೂದಲಿನ ಸಾಲಿಗೂ ಕಣ್ಣುಗುಡ್ಡೆಗೂ ನಡುವೆ ಎಳೆಗೆಂಪಾದ ಒದ್ದೆ ಅಂಚೊಂದಿದೆ. ನಮ್ಮ ಹೆಣ್ಣುಮಕ್ಕಳು ರೂಢಿಯಿಂದ ಕಾಡಿಗೆ ತೀಡುವುದು ಅಲ್ಲಿಯೇ. ಅದೇ ಅಂಚಿನಲ್ಲಿ ಮೈಬೋಮಿಯನ್ ಗ್ರಂಥಿಗಳ ಬಾಯಿಗಳಿವೆ. ಮೇಲ್ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳರೆಪ್ಪೆಯಲ್ಲಿ ಸುಮಾರು 20ರಿಂದ 30. ಅವು ಸ್ರವಿಸುವ ತೆಳುವಾದ ಎಣ್ಣೆ ಕಣ್ಣೀರಿನ ಮೇಲೆ ಹರಡಿ, ಅದು ಬೇಗ ಆರದಂತೆ ಕಾಯುತ್ತದೆ. ಆ ಬಾಯಿಗಳನ್ನು ಮೇಣ, ಬಣ್ಣಗಳಿಂದ ನಿತ್ಯವೂ ಮುಚ್ಚಿದರೆ ಕಣ್ಣು ಒಣಗುತ್ತದೆ, ಉರಿಯುತ್ತದೆ, ರೆಪ್ಪೆಯಲ್ಲಿ ಗಂಟು ಏಳಬಹುದು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವುದು ನಮ್ಮ ನಿತ್ಯದ ಸಾಧನೆ. ಎವೆಯಿಕ್ಕದೆ ನೋಡಲು ತೇವವಾದ ಕಣ್ಣು ಎಷ್ಟು ಅಗತ್ಯವೆಂಬುದು ಪೂಜಾನಿಷ್ಠರಿಗೆ ಅನುಭವದಿಂದಲೇ ಗೊತ್ತು. 2015ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನವೊಂದರಲ್ಲಿಯೂ, ರೆಪ್ಪೆಗೂದಲಿನ ಸಾಲಿನ ಒಳಗೆ ಎಳೆದ ಗೆರೆಯ ಕಣಗಳು ಹೊರಗೆ ಎಳೆದುದಕ್ಕಿಂತ ಬೇಗನೆ ಮತ್ತು ಹೆಚ್ಚಾಗಿ ಕಣ್ಣೀರಿಗೆ ಸೇರಿದ್ದು ಕಂಡುಬಂದಿದೆ. ಆದ್ದರಿಂದ ಗೆರೆ ಯಾವಾಗಲೂ ಕೂದಲಿನ ಸಾಲಿನ ಹೊರಗೇ ಇರಲಿ.

ಕೈ ತೊಳೆದು, ಬೆಳಕಿರುವಲ್ಲಿ ಕುಳಿತು, ಮೊಣಕೈಯನ್ನು ಮೇಜಿನ ಮೇಲೆ ಊರಬೇಕು. ಕನ್ನಡಿಯನ್ನು ಮುಖಕ್ಕಿಂತ ಸ್ವಲ್ಪ ಕೆಳಗಿರಿಸಿ ಕೆಳಮುಖವಾಗಿ ನೋಡಿದರೆ ಮೇಲ್ರೆಪ್ಪೆ ತಾನಾಗಿಯೇ ಹರಡಿಕೊಳ್ಳುತ್ತದೆ. ಚರ್ಮವನ್ನು ಜಗ್ಗುವ ಅಗತ್ಯವಿಲ್ಲ. ಒಂದೇ ಉಸಿರಿಗೆ ಗೆರೆ ಎಳೆಯಲು ಹೋಗದೆ, ಮೇಲ್ರೆಪ್ಪೆಯ ಕೂದಲಿನ ಬುಡಕ್ಕೆ ತಾಗಿದಂತೆ ಸಣ್ಣ ಸಣ್ಣ ಚುಕ್ಕೆಗಳನ್ನಿಟ್ಟು, ರಂಗೋಲಿಯ ಚುಕ್ಕೆ ಕೂಡಿಸುವಂತೆ ಜೋಡಿಸಬೇಕು. ನಡುವಿನಿಂದ ಹೊರತುದಿಯ ಕಡೆಗೆ ಮೊದಲು, ಮೂಗಿನ ಕಡೆಗೆ ಆಮೇಲೆ ಮತ್ತು ತೆಳ್ಳಗೆ. ಕೆಳರೆಪ್ಪೆಗೆ ಬೇಕೆನಿಸಿದರೆ ಹೊರಗಿನ ಮೂರನೆಯ ಒಂದು ಭಾಗಕ್ಕೆ ಮಾತ್ರ. ಗೆರೆ ತಪ್ಪಿದರೆ ಹತ್ತಿಯ ಕಡ್ಡಿಯಿಂದ ಒರಸಿ ತಿದ್ದಬಹುದು. ಓಡುವ ಬಸ್ಸಿನಲ್ಲಿ ಹಚ್ಚಿಕೊಳ್ಳುವುದು ಸರ್ವಥಾ ಕೂಡದು. ಒಂದು ಕುಲುಕಿಗೆ ಕಣ್ಣಿನ ಕರಿಗುಡ್ಡೆಗೆ ಗಾಯವಾಗಬಹುದು. ಕಾಂಟ್ಯಾಕ್ಟ್ ಲೆನ್ಸ್ ಇರುವವರು ಮೊದಲು ಲೆನ್ಸ್ ಹಾಕಿ ಆಮೇಲೆ ಗೆರೆ ಎಳೆಯಬೇಕು. ಲೆನ್ಸ್ ತೆಗೆದ ಮೇಲೆಯೇ ಗೆರೆಯನ್ನು ಒರಸಬೇಕು.

ಮಲಗುವ ಮುನ್ನ ತೆಗೆಯುವುದನ್ನು ಮರೆಯಬಾರದು. ಕೊಬ್ಬರಿ ಎಣ್ಣೆಯಲ್ಲಿ ಸ್ವಲ್ಪ ನೆನೆಸಿದ ಹತ್ತಿಯನ್ನು ಮುಚ್ಚಿದ ಕಣ್ಣಿನ ಮೇಲೆ ಕೆಲವು ಕ್ಷಣ ಇರಿಸಿ, ಎಣ್ಣೆ ಒಳಗಿಳಿಯದಂತೆ ಮೆಲ್ಲಗೆ ಒರಸಿ, ಮುಖ ತೊಳೆದರೆ ಸಾಕು.

ಒಬ್ಬರದು ಇನ್ನೊಬ್ಬರಿಗಿಲ್ಲ

ಅಕ್ಕತಂಗಿಯರು, ವಸತಿನಿಲಯದ ಗೆಳತಿಯರು ಒಂದೇ ಕಾಡಿಗೆ ಕಡ್ಡಿಯನ್ನು ಹಂಚಿಕೊಳ್ಳುವುದು ಪ್ರೀತಿಯ ಗುರುತೆನಿಸಬಹುದು. ಕಣ್ಣಿನ ಮಟ್ಟಿಗೆ ಅದು ಅಪಾಯ. ಹಿಂದೆ ಊರೂರುಗಳಲ್ಲಿ ಕಣ್ಣು ಕಳೆದ ಟ್ರಕೋಮಾ ರೋಗ ಹರಡಲು, ಒಂದೇ ಬಟ್ಟೆಯಲ್ಲಿ ಮುಖ ಒರಸಿಕೊಳ್ಳುವುದರ ಜೊತೆಗೆ ಹಂಚಿಕೊಂಡ ಕಾಡಿಗೆಯೂ ದಾರಿಯಾಗಿತ್ತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಆ ರೋಗ ಭಾರತದಿಂದ ನೀಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಘೋಷಿಸಿದೆ. ಆದರೆ ಮಳೆಗಾಲದ ‘ಮದ್ರಾಸ್ ಐ’ ಇಂದಿಗೂ ಮನೆಮಂದಿಯನ್ನೆಲ್ಲ ಹಿಡಿಯುತ್ತದೆ. ಕಣ್ಣುಬೇನೆ ಬಂದಾಗ ಬಳಸುತ್ತಿದ್ದುದನ್ನು ಎಸೆಯಬೇಕು. ದ್ರವರೂಪದ್ದನ್ನು ಮೂರು ತಿಂಗಳಿಗಿಂತ ಹೆಚ್ಚು ಇರಿಸಿಕೊಳ್ಳಬಾರದು. ಕಣ್ಣು ಕೆಂಪಾಗಿ ನೋವು, ಬೆಳಕು ಸಹಿಸದಿರುವಿಕೆ, ಮಸುಕು ಕಂಡರೆ ಜೇನು, ಪನ್ನೀರು, ಎದೆಹಾಲು ಎಂದು ಪ್ರಯೋಗ ಮಾಡದೆ ನೇತ್ರವೈದ್ಯರ ಬಳಿಗೆ ಹೋಗಬೇಕು.

ಅಲಂಕಾರ ಮಾಡಿಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ಗದರಿಸಿದರೆ ಮಗಳು ಕಾಡಿಗೆಯನ್ನು ಬಿಡುವುದಿಲ್ಲ. ಗೆಳತಿಯ ಕಡ್ಡಿಯಿಂದ, ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು, ಕಣ್ಣಿನೊಳಗೆ ತೀಡಿಕೊಳ್ಳುತ್ತಾಳೆ. ತಾಯಿ ಜೊತೆಯಲ್ಲಿ ಹೋಗಿ ಚೀಟಿ ಓದಿ ಒಂದು ಪೆನ್ಸಿಲ್ ಕೊಡಿಸಿದರೆ, ಅದು ಹೊರಗಿನ ಗೆರೆಯಾಗಿಯೇ ಉಳಿಯುತ್ತದೆ. ತೊಟ್ಟಿಲಿನ ಕೂಸಿಗೆ ಮಾತ್ರ, ಶುಭ್ರವಾದ ಬಟ್ಟೆ ಮತ್ತು ತಿಳಿನೀರಿನ ಹೊರತು ಬೇರೇನೂ ಕಣ್ಣಿನ ಹತ್ತಿರ ಸುಳಿಯದಿರಲಿ.