ಗುಡುಗು ನುಡಿದ ‘ದ’

ಅಮೆರಿಕದಲ್ಲಿ ಜನಿಸಿದ ಕವಿ ಟಿ.ಎಸ್. ಎಲಿಯಟ್ ಹಾರ್ವರ್ಡಿನಲ್ಲಿ ಸಂಸ್ಕೃತವನ್ನು ಅಭ್ಯಸಿಸಿದವನು. 1922ರಲ್ಲಿ ಪ್ರಕಟವಾದ ಅವನ ‘ದಿ ವೇಸ್ಟ್ ಲ್ಯಾಂಡ್’ ಮಹಾಯುದ್ಧಾನಂತರದ ಯೂರೋಪಿನ ಬರಡು ಬಾಳಿನ ಕಾವ್ಯ. ಆದರೆ ಅದರ ಕೊನೆಯಲ್ಲಿ ಬತ್ತಿದ ಗಂಗೆ ಮಳೆಗಾಗಿ ಕಾಯುತ್ತಾಳೆ. ಗುಡುಗು ‘ದ’ ಎನ್ನುತ್ತದೆ. ಇದು ಬೃಹದಾರಣ್ಯಕೋಪನಿಷತ್ತಿನ ಕಥೆ. ಪ್ರಜಾಪತಿಯು ಉಚ್ಚರಿಸಿದ ಆ ಒಂದೇ ಅಕ್ಷರವನ್ನು ದೇವತೆಗಳು ದಮ, ಅಂದರೆ ಸಂಯಮವೆಂದೂ, ಮನುಷ್ಯರು ದಾನವೆಂದೂ, ಅಸುರರು ದಯೆಯೆಂದೂ ತಿಳಿದರು. ಎಲಿಯಟ್ ದಾನವನ್ನು ಮೊದಲಿಗೆ ತಂದು, ದಮವನ್ನು ಕೊನೆಗಿರಿಸಿದನು.

ನದಿಯೊಂದರಲ್ಲಿ ಈ ಮೂರನ್ನೂ ಕಾಣಬೇಕಾದರೆ ಹೊಸಪೇಟೆಯ ಬಳಿಯ ಟಿ.ಬಿ. ಡ್ಯಾಮಿಗೆ ಬರಬೇಕು. ಇಲ್ಲಿ ಉಪನಿಷತ್ತಿನ ಕ್ರಮವೇ ಸರಿ. 1953ರಲ್ಲಿ ತುಂಗಭದ್ರೆಯು 33 ಗೇಟುಗಳ ಹಿಂದೆ ತಡೆದು ನಿಂತಳು, ಅದು ದಮ. ಕಾಲುವೆಗಳಲ್ಲಿ ಹರಿದು ಬಳ್ಳಾರಿ, ರಾಯಚೂರು ಸೀಮೆಯ ಒಣಭೂಮಿಗೆ ನೀರೂಡಿದಳು; ಅದು ದಾನ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ದಮವಿಲ್ಲದೆ ದಾನವಿಲ್ಲವೆಂಬುದು ರೈತನಿಗೆ ಮನವರಿಕೆಯಾಯಿತು.

ಉಳಿದದ್ದು ದಯೆ. ಅದು ಈ ಜಲರಾಶಿಯ ಅಡಿಯಲ್ಲಿ ಮನೆ, ಹೊಲ, ಗುಡಿಗಳನ್ನು ಬಿಟ್ಟು ನಡೆದವರಿಗೆ ಸಲ್ಲಬೇಕಾದುದು. ದೇವ, ಮಾನವ, ಅಸುರರು ಮೂವರೂ ಮನುಷ್ಯರಲ್ಲಿಯೇ ಇರುವರೆಂದು ಶಂಕರಾಚಾರ್ಯರ ಭಾಷ್ಯ ಸೂಚಿಸುತ್ತದೆ. ಹಾಗಾದರೆ ಮೂರನೆಯ ‘ದ’ ಅಸುರರಿಗೆ ಮಾತ್ರವಲ್ಲ. ಈ ನೀರನ್ನು ಉಂಡವರೆಲ್ಲರಿಗೂ ಹೇಳಿದ ಮಾತು.