ಮೊದಲ ಡೋಸ್ ಹೋಬಳಿ ಆಸ್ಪತ್ರೆಯಲ್ಲೇ ಸಿಗಲಿ

ಮುಂಗಾರು ಬಂತು ಅಂದರೆ ನಾವು ಬೀಜ, ಗೊಬ್ಬರ, ಆಳುಗಳ ಲೆಕ್ಕ ಹಾಕುತ್ತೇವೆ. ಆದರೆ ಹೊಲದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಮೊದಲ ಚುಚ್ಚುಮದ್ದು ಎಷ್ಟು ದೂರದಲ್ಲಿ ಸಿಗುತ್ತೆ ಅನ್ನೋ ಲೆಕ್ಕ ಹಾಕೋರು ಕಡಿಮೆ.

2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಅನ್ನೋದು ಸಂಶೋಧಕರ ಅಂದಾಜು. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಇವರಲ್ಲಿ ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಬಿತ್ತನೆ, ನಾಟಿ, ಕಳೆ ತೆಗೆಯೋ ದಿನಗಳಲ್ಲೇ ಆಗಿವೆ. ನಾವು ಸಾವಯವದವರು ಮಣ್ಣಿಗೆ ಹೊದಿಕೆ ಹಾಕಿ ಅಂತ ಹೇಳುತ್ತೇವೆ, ಅದು ಬೇಕೇ ಬೇಕು. ಆದರೆ ಹೊದಿಕೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಆ ಹೊದಿಕೆಗೆ ಬರಿಗೈ ಹಾಕೋದು ಹೆಚ್ಚಾಗಿ ಕೂಲಿ ಹೆಣ್ಣುಮಕ್ಕಳು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಬರಿಗಾಲಲ್ಲಿ ಮೋಟಾರ್ ಹಾಕೋಕೆ ಹೋಗೋನು ಸಣ್ಣ ರೈತ. ಇವರ ಮನೆ ಮುಂದೆ ಕಾರು ನಿಂತಿರೋದಿಲ್ಲ.

ರಾಜ್ಯ ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳೋದಿಲ್ಲ. 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು. ಪ್ರತಿ ಪ್ರಕರಣ ಲೆಕ್ಕಕ್ಕೆ ಬರಬೇಕು ಅನ್ನೋದು ಒಳ್ಳೆಯ ಹೆಜ್ಜೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ರೈತರಿಗೆ ಯಶಸ್ವಿನಿ ಇದೆ. 2018ರಲ್ಲಿ ನಿಂತಿದ್ದ ಅದಕ್ಕೆ 2022ರಲ್ಲಿ ಮತ್ತೆ ನೋಂದಣಿ ಶುರುವಾಯಿತು. ಇವೆಲ್ಲ ಇರಲಿ. ಆದರೆ ಕಾರ್ಡ್ ಕೆಲಸಕ್ಕೆ ಬರೋದು ದೊಡ್ಡ ಆಸ್ಪತ್ರೆಯ ಬಾಗಿಲು ಮುಟ್ಟಿದ ಮೇಲೆ. ವಿಷ ಅಲ್ಲಿವರೆಗೆ ಕಾಯುತ್ತಾ?

ನಮ್ಮ ಕೂಲಿಕಾರರಿಗೆ ಹತ್ತಿರವಿರೋ, ಒಳರೋಗಿಗಳನ್ನು ಇಟ್ಟುಕೊಳ್ಳೋ ಜಾಗ ಸಮುದಾಯ ಆರೋಗ್ಯ ಕೇಂದ್ರ. ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ 1.20 ಲಕ್ಷ ಜನಕ್ಕೆ, ಗುಡ್ಡಗಾಡಿನಲ್ಲಿ 80 ಸಾವಿರ ಜನಕ್ಕೆ 30 ಹಾಸಿಗೆಯ ಒಂದು ಕೇಂದ್ರ. ಹಳ್ಳಿಗೆ ತಜ್ಞ ವೈದ್ಯರು ಬರೋದಿಲ್ಲ, ಏನು ಮಾಡೋದು ಅನ್ನೋ ಮಾತು ಹಳೆಯದು. ಆ ಕೊರತೆ ನಿಜ. ಆದರೆ ಹಾವು ಕಡಿತಕ್ಕೆ ಮೊದಲ ಡೋಸ್ ಕೊಡೋಕೆ ತಜ್ಞರು ಬೇಕಿಲ್ಲ, ತರಬೇತಿ ಆದ ಎಂಬಿಬಿಎಸ್ ವೈದ್ಯರು ಸಾಕು. ಈ ಔಷಧ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಪ್ರಾಥಮಿಕ ಹಂತದ ಚಿಕಿತ್ಸೆಗೇ ಸೇರಿದೆ.

ಲ್ಯಾಬ್ ಕೂಡ ದೊಡ್ಡದು ಬೇಡ. ಶುಭ್ರವಾದ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಅಂತ ಅರ್ಥ. ನಾಗರಹಾವು, ಕಟ್ಟುಹಾವು ಆದರೆ ರೆಪ್ಪೆ ಜೋತುಬೀಳೋದು, ಮಾತು ತೊದಲೋದು, ಉಸಿರು ಕಷ್ಟವಾಗೋದು ಕಾಣುತ್ತೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧ, ಹಾವು ಹಿಡಿದು ತಂದು ತೋರಿಸೋ ಅಗತ್ಯವೇ ಇಲ್ಲ. ಅಲರ್ಜಿ ಆದರೆ ಕೊಡೋಕೆ ಅಡ್ರಿನಲಿನ್, ಉಸಿರು ನಿಲ್ಲೋ ಹಾಗಾದರೆ ಕೈಯಲ್ಲಿ ಒತ್ತೋ ಅಂಬು ಬ್ಯಾಗ್, ಆಮ್ಲಜನಕ ಪಕ್ಕದಲ್ಲಿರಬೇಕು. ಇದಿಷ್ಟು ಮಾಡಿ, ಮೊದಲ ಡೋಸ್ ಹಾಕಿ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಬದುಕೋ ಅವಕಾಶ ಹೆಚ್ಚು. ಏನೂ ಕೊಡದೆ ಬರೀ ಚೀಟಿ ಬರೆದು ಕಳಿಸಿದರೆ ಅಮೂಲ್ಯವಾದ ಗಂಟೆಗಳು ರಸ್ತೆಯಲ್ಲೇ ಕಳೆದುಹೋಗುತ್ತವೆ.

ಹಾಗಾಗಿ ಸರ್ಕಾರಕ್ಕೆ ನನ್ನ ಬೇಡಿಕೆ ಮೂರೇ. ಒಂದು, ಮಳೆಗಾಲಕ್ಕೆ ಮೊದಲೇ ಕೃಷಿ ಪ್ರದೇಶದ ಪ್ರತಿ ಸಮುದಾಯ ಆರೋಗ್ಯ ಕೇಂದ್ರಕ್ಕೂ ಔಷಧ ಮುಟ್ಟಲಿ. ಒಬ್ಬ ರೋಗಿಗೆ ಶುರುವಿನಲ್ಲೇ 8ರಿಂದ 10 ವೈಯಲ್ ಬೇಕಾಗುತ್ತೆ, ಎರಡು ವೈಯಲ್ ಇಟ್ಟುಕೊಂಡು ಸ್ಟಾಕ್ ಇದೆ ಅನ್ನೋದು ಲೆಕ್ಕವಲ್ಲ. ಎರಡು, ರಾತ್ರಿ ಪಾಳಿಗೆ ವೈದ್ಯರಿರಲಿ. ಅವರಿಗೆ ವಾಸಯೋಗ್ಯ ವಸತಿಗೃಹ, ಹೆಚ್ಚುವರಿ ಭತ್ಯೆ ಕೊಡಿ. ಮೂರು, ಪ್ರತಿ ವರ್ಷ ತರಬೇತಿ ಆಗಲಿ, ವೈದ್ಯರ ರಕ್ಷಣೆಗೆ ಸರ್ಕಾರ ನಿಲ್ಲಲಿ. ಅಲರ್ಜಿಯ ಭಯ, ಸಂಬಂಧಿಕರ ಗಲಾಟೆಯ ಭಯ ಎರಡೂ ಇದ್ದರೆ ಯಾವ ವೈದ್ಯರೂ ಕಳಿಸಿಬಿಡೋಣ ಅಂತಲೇ ಯೋಚಿಸುತ್ತಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಹಳ್ಳಿಯ ಸಾವು ತಡೆಯೋಕೆ ಆ 40ರ ಮೇಲೂ ರಾಜ್ಯ ಸ್ವಲ್ಪ ಸೇರಿಸಿದರೆ ತಪ್ಪೇನಿಲ್ಲ.

ನಾವೂ ಸುಮ್ಮನೆ ಕೂರಬಾರದು. ಆಸ್ಪತ್ರೆಯಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತೆ, ಅದರಲ್ಲಿ ಯಾರಿದ್ದಾರೆ ತಿಳ್ಕೊಳ್ಳಿ. ಈ ವಾರವೇ ನಾಲ್ಕು ಜನ ಹೋಗಿ ಕೇಳಿ: ಎಷ್ಟು ವೈಯಲ್ ಇದೆ? ಎಕ್ಸ್‌ಪೈರಿ ಯಾವಾಗ? ರಾತ್ರಿ ಯಾರು ಇರ್ತಾರೆ? ಉತ್ತರ ಸರಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ನಡಾವಳಿಗೆ ಬರೆಸಿ. ಆಳುಗಳಿಗೆ ಗಂಬೂಟು, ಟಾರ್ಚ್ ಕೊಡಿ. ಕಚ್ಚಿದರೆ ಕುಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು, ಮಂತ್ರ ಹಾಕಿಸೋದು ಬೇಡ. ಕೈಕಾಲು ಅಲುಗಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ.

ಗೊಬ್ಬರದ ಸ್ಟಾಕ್ ಬಂತಾ ಅಂತ ಸೊಸೈಟಿಗೆ ಹತ್ತು ಸಲ ಹೋಗಿ ಕೇಳೋರು ನಾವು. ಈ ಸ್ಟಾಕನ್ನೂ ಒಂದು ಸಲ ಕೇಳೋಣ.